ಗಂಡ ಬ್ಯಾಡ, ಕೂಸು ಬೇಕು: ಒಬ್ಬಾಕಿನೇ ಇದ್ದೋರು ಯಾವ ದಾರಿ ಹಿಡಿದ್ರಿ ಹೇಳ್ರಿ

ಸಂಜಿಮಲ್ಲಿಗಿ (ಕಲಬುರಗಿ)

ಎಲ್ಲರಿಗೂ ಶರಣು. ಭಾಳ ದಿನದಿಂದ ಇಲ್ಲಿ ಟೈಪ್ ಮಾಡೋದು ಅಳಿಸೋದು ನಡದದ, ಇವತ್ತು ಕಳಿಸೇ ಬಿಡ್ತೀನಿ. ನಂಗ ಈಗ 37 ನಡದದ. ಬ್ಯಾಂಕಿನಾಗ ಕೆಲಸ, ಸೇಡಂ ರೋಡ್ ಕಡಿ ಅಪ್ಪ ಕಟ್ಟಿಸಿದ ಮನಿ ಅದ, ಅಪ್ಪ ಈಗಿಲ್ಲ, ಅವ್ವ ನಾನು ಇಬ್ಬರೇ. ಮದುವಿ ಯಾಕ ಆಗ್ಲಿಲ್ಲ ಅಂತ ದಯಮಾಡಿ ಕೇಳಬ್ಯಾಡ್ರಿ, ಸಣ್ಣಾಗಿ ಹೇಳ್ಬೇಕಂದ್ರ 24ಕ್ಕ ಬಂದ ವರಗೋಳಿಗೆ ನಾ ನೌಕರಿ ಬಿಡಬೇಕಿತ್ತು, 34ಕ್ಕ ಬಂದೋರಿಗೆ ನನ್ನ ಸಂಬಳ ಬೇಕಿತ್ತು. ಈಗ ಗಂಡ ಬೇಕು ಅನ್ನೋ ಆಸಿ ಉಳದಿಲ್ಲ. ಕೂಸು ಬೇಕು ಅನ್ನೋದು ಮಾತ್ರ ಹೋಗವಲ್ದು.

ಹೋದ ತಿಂಗಳ ತಂಗಿ ಕುಬಸ ಆಯ್ತು. ಉಡಿ ತುಂಬೋ ಹೊತ್ತಿಗಿ ಮುತ್ತೈದಿಯರು ಮುಂದ ಬರ್ರಿ ಅಂದ್ರು, ದೊಡ್ಡವ್ವ ನನ್ನ ಕಡಿ ತಿರುಗಿ ನೀ ಒಳಗ ಹೋಗಿ ಹೋಳಿಗಿ ನೋಡು ನಡಿ ಅಂದಳು. ಹೋದೆ. ನೋಡೋದು ಏನೂ ಇರ್ಲಿಲ್ಲ, ಹೋಳಿಗಿ ಎಲ್ಲಾ ಆಗಿ ಬುಟ್ಟ್ಯಾಗ ಕುಂತಿದ್ವು. ಅಲ್ಲೇ ನಿಂತು ಮೊಬೈಲ್‌ನಾಗ ಒಬ್ಬಾಕಿ ಹೆಣ್ಮಗಳು ದತ್ತು ತಗೊಳ್ಳಬಹುದಾ ಅಂತ ಹುಡುಕಿದೆ. ತಗೋಬಹುದಂತ. ದವಾಖಾನ್ಯಾಗ ಟ್ರೀಟ್ಮೆಂಟ್ ಮಾಡ್ಸಿ ಬಸುರಿ ಬಿ ಆಗಬಹುದಂತ. ಎರಡೂ ಆಗ್ತದ ಅಂದ ಮ್ಯಾಲೆ ತಲಿ ಇನ್ನಾ ಕೆಟ್ಟದ. ನಮ್ ಕಡಿಯೋರು ಯಾರಾರ ಮಾಡ್ಯಾರೇನು, ಮಾಡಿದ್ರ ಯಾವ್ದು, ಅದೇ ಯಾಕ ಅಂತ ಹೇಳ್ರಿ. ಬೆಂಗಳೂರ ಕಥಿ ಬ್ಯಾಡ, ಅಲ್ಲಿ ಬಾಜೂ ಮನ್ಯಾಗ ಯಾರಿದ್ದಾರ ಅಂತ ಬಿ ಗೊತ್ತಿರಲ್ಲ.

ಲ್ಯಾಬ್_ತಂಗಿ

ಅಕ್ಕಾ, ಯಾವ ದಾರಿ ಅಂತ ಕೂತು ಯೋಚನಿ ಮಾಡೋದಕ್ಕಿಂತ ಮೊದ್ಲು ಒಂದು ಎಎಂಎಚ್ ಟೆಸ್ಟ್ ಮಾಡಿಸ್ರಿ. ರಕ್ತದ ಟೆಸ್ಟ್ ಅಷ್ಟೇ, ತಿಂಗಳದ ಯಾವ ದಿನಾರ ಕೊಡಬಹುದು, ಖಾಲಿ ಹೊಟ್ಟಿ ಬೇಕಿಲ್ಲ. ತತ್ತಿ ಎಷ್ಟು ಉಳದಾವ ಅನ್ನೋದರ ಅಂದಾಜು ಸಿಗ್ತದ. ಆದ್ರ ತತ್ತಿ ಎಂಥಾವು ಅಂತ ಅದು ಹೇಳಲ್ಲ, ಅದು ವಯಸ್ಸಿನ ಮ್ಯಾಲೆ, 35 ದಾಟಿದ ಮ್ಯಾಲೆ ಇಳೀಲಕ್ಕ ಚಾಲೂ ಆಗ್ತದ, 40 ಹತ್ರ ಬಂದಂಗ ಇನ್ನಾ ಜೋರು. ಮುಟ್ಟಿನ 2-3ನೇ ದಿನ ಒಂದು ಸ್ಕ್ಯಾನ್ ಬಿ ಮಾಡ್ತಾರ. ಕೌಂಟರ್‌ನಾಗ ಮ್ಯಾರೀಡಾ ಅಂತ ಕೇಳಿದ್ರ ಇಲ್ಲ ಅಂತ ಜೋರಾಗೇ ಹೇಳ್ರಿ, ಮಷೀನ್‌ಗ ತಾಳಿ ಕಾಣಲ್ಲ.

ಕಪ್ಪುಮಣ್ಣು

ಮೇಡಂ ತಪ್ಪು ತಿಳ್ಕೋಬ್ಯಾಡ್ರಿ. ಅಪ್ಪ ಇಲ್ದ ಕೂಸು ಅಂದ್ರ ನಮ್ ಕಡಿ ಮಂದಿ ಹೆಂಗ ನೋಡ್ತಾರ ನಿಮಗ ಗೊತ್ತಿಲ್ಲೇನು. ನಿಮ್ಮ ಆಸಿಗಿ ಆ ಕೂಸು ಜೀವನಪೂರ್ತಿ ಮಾತು ಕೇಳಬೇಕಾ? ಹೆಂಡ್ತಿ ತೀರಿಕೊಂಡೋರು ಎಷ್ಟೋ ಮಂದಿ ಛಲೋ ಮನಿತನದೋರು ಇದ್ದಾರ, ಅವ್ರಿಗಿ ಕೂಸು ರೆಡಿನೇ ಇರ್ತದ.

ಸಂಜಿಮಲ್ಲಿಗಿ

ರೆಡಿ ಕೂಸಿನ ಜೊತಿಗಿ ರೆಡಿ ಅತ್ತಿ, ರೆಡಿ ಒಗ್ಯಾಣ ಬಿ ಬರ್ತದ ಅಣ್ಣಾ. ಬ್ಯಾಡ.

ಬಿದ್ರಿಹೂಜಿ (ಬೀದರ್)

ಸಂಜಿಮಲ್ಲಿಗಿ ಅವರೇ, ನಾ ದತ್ತು ತಗೊಂಡೀನಿ, ಒಬ್ಬಾಕಿನೇ. ಉದ್ದ ಆಗ್ತದ, ಚಹಾ ಇಟ್ಕೊಂಡು ಓದ್ರಿ.

ನಾ ಖಾಸಗಿ ಸಾಲ್ಯಾಗ ಟೀಚರ್. ರಿಜಿಸ್ಟರ್ ಮಾಡಿದಾಗ ನಂಗ 41. ನಿಮಗ ಇದೇ ಮೊದ್ಲ ಹೇಳಬೇಕು, ಯಾಕಂದ್ರ ನಿಮ್ಮ ಹತ್ರ ಟೈಮ್ ಅದ, ನನ್ನ ಹತ್ರ ಇರ್ಲಿಲ್ಲ. ಒಬ್ಬರೇ ಇರೋರಿಗೆ 2 ವರ್ಷದ ಒಳಗಿನ ಕೂಸು ಬೇಕಂದ್ರ 40ರ ತನಕ, 2ರಿಂದ 4 ವರ್ಷದ ಮಗೂಗೆ 45ರ ತನಕ, 4ರಿಂದ 8ಕ್ಕ 50, ಅದರ ಮ್ಯಾಲಿನ ಮಕ್ಕಳಿಗೆ 55. ವಯಸ್ಸು ರಿಜಿಸ್ಟರ್ ಮಾಡಿದ ದಿನದ್ದು ನೋಡ್ತಾರ. ಜೊತಿಗಿ ತಾಯಿಗೂ ಮಗೂಗೂ 25 ವರ್ಷ ಅಂತರ ಇರ್ಬೇಕು. ಹೆಣ್ಮಕ್ಕಳು ಗಂಡು ಕೂಸು ಹೆಣ್ಣು ಕೂಸು ಯಾವ್ದಾರ ತಗೋಬಹುದು, ಒಬ್ಬನೇ ಇರೋ ಗಂಡಸಿಗೆ ಮಾತ್ರ ಹೆಣ್ಣು ಕೂಸು ಕೊಡಲ್ಲ. ನಾ 40 ದಾಟಿದ್ದೆ, ಹಂಗಾಗಿ ಎಳಿ ಕೂಸು ನನ್ನ ಪಾಲಿಗಿ ಇರ್ಲಿಲ್ಲ. ಆಗ ಅತ್ತೆ. ಈಗ ಆ ಅಳು ನೆನೆಸಿದ್ರ ನಗಿ ಬರ್ತದ.

ಎಲ್ಲಾ ಆನ್‌ಲೈನ್. ದತ್ತು ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥಿ ಕಾರಾ ಅಂತ ಅದ, ಅದರ ಪೋರ್ಟಲ್‌ನಾಗ ನಾವೇ ರಿಜಿಸ್ಟರ್ ಆಗಬೇಕು, ಪ್ಯಾನ್, ವಯಸ್ಸಿನ ದಾಖಲಿ, ಇನ್ಕಮ್, ಡಾಕ್ಟರ್ ಸರ್ಟಿಫಿಕೇಟ್, ಎಲ್ಲಾ ಹಾಕಬೇಕು. ಆಮ್ಯಾಲೆ ಸೋಶಿಯಲ್ ವರ್ಕರ್ ಮನಿಗಿ ಬರ್ತಾರ, ಅದಕ್ಕ ಹೋಮ್ ಸ್ಟಡಿ ಅಂತಾರ. ನಾ ಹೆದರಿ ಹೊಸ ಪರದಿ ಹಾಕ್ಸಿದ್ದೆ. ಆಕಿ ಪರದಿ ನೋಡಲೇ ಇಲ್ಲ. ಕೇಳಿದ್ದು ಏನು ಗೊತ್ತೇನ್ರಿ, ನಿಮಗ ಡೆಂಗಿ ಬಂದು 8 ದಿನ ಹಾಸಿಗಿ ಹಿಡಿದ್ರ ಈ ಮಗೂಗೆ ಊಟ ಯಾರು ಹಾಕ್ತಾರ ಅಂತ. ನಾ ಸುಮ್ಮ ಕುಂತೆ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ರಾತ್ರಿನೇ ಹುಮನಾಬಾದ್‌ನಾಗಿರೋ ತಮ್ಮಗ ಫೋನ್ ಮಾಡಿ, ನೀ ಮತ್ತ ನಿನ್ನ ಹೆಂಡ್ತಿ ಇಬ್ಬರೂ ಕೂತು ಮಾತಾಡಿ ಬರದು ಕೊಡ್ರಿ ಅಂದೆ. ನಾಲ್ಕು ದಿನ ಬಿಟ್ಟು ಬರದು ಕೊಟ್ರು. ಆ ನಾಲ್ಕು ದಿನ ನಾ ಉಂಡಿಲ್ಲ.

ಆಮ್ಯಾಲೆ ಕಾಯೋದು. ಮೂರು ವರ್ಷದ ಮ್ಯಾಲೆ ಕಾದೀನಿ. ರಸ್ತ್ಯಾಗ ಬಿಟ್ಟುಹೋದ ಕೂಸನ್ನ ಹಂಗೇ ಎತ್ತಿ ಕೊಡಲ್ಲ, ಹೆತ್ತೋರು ಸಿಗ್ತಾರೇನು ಅಂತ ಹುಡುಕಿ, ಮಕ್ಕಳ ಕಲ್ಯಾಣ ಸಮಿತಿಯೋರು ಈ ಮಗು ದತ್ತುಗೆ ಮುಕ್ತ ಅಂತ ಬರದು ಕೊಡಬೇಕು. ಮಂದಿ ಅಂತಾರ ಅನಾಥಾಶ್ರಮ ತುಂಬ್ಯಾವ ಯಾಕ ಕಾಯಿಸ್ತಾರ ಅಂತ, ಅಲ್ಲಿರೋ ಎಲ್ಲಾ ಮಕ್ಕಳು ದತ್ತುಗೆ ಮುಕ್ತ ಇರಲ್ಲ, ಎಷ್ಟೋ ಮಕ್ಕಳಿಗೆ ತಾಯಿನೋ ಅಜ್ಜಿನೋ ಇರ್ತಾರ, ಸಾಕಲಕ್ಕ ಆಗಲ್ಲಂತ ಬಿಟ್ಟಿರ್ತಾರ. ಹೋಮ್ ಸ್ಟಡಿ 3 ವರ್ಷಕ್ಕ ಮುಗೀತದ, ನಂದು ಒಂದ್ಸಲ ರಿನ್ಯೂ ಮಾಡ್ಸಿದ್ದಾಯ್ತು.

ಒಂದು ದಿನ ಒಂಬತ್ತನೇ ಕ್ಲಾಸಿನಾಗ ಪಾಠ ಮಾಡ್ಲತ್ತಿದ್ದೆ, ಮೆಸೇಜ್ ಬಂತು. ಫೋಟೋ, ಮೆಡಿಕಲ್ ರಿಪೋರ್ಟ್. 48 ತಾಸಿನಾಗ ಹೂಂ ಅನ್ನಬೇಕು. ಮೂರು ವರ್ಷದ ಹುಡುಗಿ, ಫೋಟೋದಾಗ ಕಣ್ಣು ಮುಚ್ಚಿಕೊಂಡಾಳ. ನಾ ನಮ್ಮ ಮಕ್ಕಳ ಡಾಕ್ಟರ್ ಹತ್ರ ರಿಪೋರ್ಟ್ ಒಯ್ದು ತೋರಿಸಿದೆ, ಅವ್ರು ಹಿಮೋಗ್ಲೋಬಿನ್ ಕಡಿಮಿ ಅದ, ರೊಟ್ಟಿ ಪಲ್ಯಾ ತಿನ್ಸಿದ್ರ ಸರಿ ಆಗ್ತದ ಅಂದ್ರು. ಹೂಂ ಅಂದೆ.

ಮೊದ್ಲು ಕೋರ್ಟಿಗಿ ಹೋಗಬೇಕಿತ್ತು, 2022ರಿಂದ ಜಿಲ್ಲಾಧಿಕಾರಿನೇ ದತ್ತು ಆದೇಶ ಕೊಡ್ತಾರ. ಕೂಸು ಮನಿಗಿ ಬಂದ ದಿನದಿಂದ ಎರಡು ವರ್ಷ ಆರು ತಿಂಗಳಿಗೊಮ್ಮಿ ಬಂದು ನೋಡಿ ಹೋಗ್ತಾರ.

ಯಾರೂ ಹೇಳ್ಲಿಲ್ಲ ನಂಗ ಇದನ್ನ: ಆಕಿ ನನ್ನ ನಾಲ್ಕು ತಿಂಗಳ ಆಯಾ ಅಂತ ಕರದಳು. ಅಲ್ಲಿ ಅನ್ನ ಹಾಕೋರಿಗೆ ಆಯಾ ಅಂತಿದ್ರಂತ. ಅವ್ವ ಅನ್ನು ಅಂತ ನಾ ಒತ್ತಾಯ ಮಾಡ್ಲಿಲ್ಲ. ಬಾಜೂ ಮನಿಯೋರು ಮುಂದೇ ನಕ್ಕರು, ಕೆಲಸದಾಕಿ ಅಂದ್ಕೊಂಡದ ಹುಡುಗಿ ಅಂತ. ಮತ್ತ ರಜಾ. ನಾ ತಗೊಂಡಾಗ 3 ತಿಂಗಳ ಒಳಗಿನ ಕೂಸು ತಂದ್ರ ಮಾತ್ರ 12 ವಾರ ರಜಾ ಅಂತಿತ್ತು ಕಾಯ್ದ್ಯಾಗ. ಮಗು ಮುಕ್ತ ಅಂತ ಬರಿಸಲಕ್ಕೇ ಎಳಿ ಕೂಸಿಗಿ ಎರಡು ತಿಂಗಳ, ದೊಡ್ಡದಕ್ಕ ನಾಲ್ಕು ತಿಂಗಳ ಗಡುವು ಇಟ್ಟಾರ, ಇನ್ನ ಮೂರು ತಿಂಗಳ ಒಳಗ ಯಾರ ಕೈಗಿ ಸಿಗ್ತದ್ರಿ ಆ ಕೂಸು? ನಂಗ ಒಂದು ದಿನ ರಜಾ ಸಿಗ್ಲಿಲ್ಲ. ಬ್ಯಾಸಗಿ ಸೂಟಿ ಇತ್ತಂತ ಉಳಕೊಂಡೆ.

ಲ್ಯಾಬ್_ತಂಗಿ

ಈಗ ಏನಂತ ಕರೀತಾಳ?

ಬಿದ್ರಿಹೂಜಿ

ಜಗಳ ಬಂದಾಗ ಮಿಸ್ ಅಂತಾಳ. ಉಳದ ಟೈಮ್‌ನಾಗ ಅವ್ವ.

ಅನಾಮಿಕ_ಯಾದಗಿರಿ

ಇಷ್ಟೆಲ್ಲ ಯಾಕ ಕಾಯ್ತೀರಿ. ನಮ್ಮ ಪರಿಚಯದ ನರ್ಸ್ ಒಬ್ರು ಇದ್ದಾರ, ಬ್ಯಾಡಾದ ಕೂಸು ಇದ್ದಾಗ ಹೇಳ್ತಾರ, ಆಸ್ಪತ್ರಿಯಿಂದಲೇ ನೇರ ಕೈಗಿ. ಖರ್ಚು ಸ್ವಲ್ಪ ಆಗ್ತದ. ಇನ್‌ಬಾಕ್ಸ್‌ಗ ಬರ್ರಿ.

ಕೋರ್ಟ್_ಕಾಕಾ (ಕಲಬುರಗಿ)

ಇದನ್ನ ಯಾರೂ ಇನ್‌ಬಾಕ್ಸ್ ಮಾಡಬ್ಯಾಡ್ರಿ. ಬಾಲನ್ಯಾಯ ಕಾಯ್ದಿ 2015ರ 80ನೇ ಕಲಂ ಪ್ರಕಾರ ಪದ್ಧತಿ ಬಿಟ್ಟು ಕೂಸು ತಗೊಂಡ್ರ ಮೂರು ವರ್ಷದ ತನಕ ಜೈಲು ಇಲ್ಲಾ ಒಂದು ಲಕ್ಷ ದಂಡ, ಇಲ್ಲಾ ಎರಡೂ. ರೊಕ್ಕ ಕೊಟ್ಟು ತಗೊಂಡ್ರ 81ನೇ ಕಲಂ, ಐದು ವರ್ಷದ ತನಕ ಕಠಿಣ ಶಿಕ್ಷಾ, ಮ್ಯಾಲೆ ಒಂದು ಲಕ್ಷ ದಂಡ. ಜೈಲಿಗಿಂತ ಕೆಟ್ಟದ್ದು ಏನಂದ್ರ, ನಾಲ್ಕು ವರ್ಷ ಎದಿಮ್ಯಾಲೆ ಮಲಗಿಸಿಕೊಂಡ ಕೂಸನ್ನ ಪೊಲೀಸರು ಬಂದು ಎತ್ತಿಕೊಂಡು ಹೋಗೋದು. ನಾ ಕಣ್ಣಾರೆ ನೋಡೀನಿ. ಅಡ್ಮಿನ್, ಈ ಐಡಿ ತಗೀರಿ ಮೊದ್ಲ.

ಈಗ ತಂಗಿ ನಿನ್ನ ಪ್ರಶ್ನಿಗಿ ಬರ್ತೀನಿ. ಬಾಡಿಗಿ ತಾಯಿ ಅನ್ನೋ ದಾರಿ ನಿಂಗ ಮುಚ್ಚದ. ಬಾಡಿಗಿ ತಾಯ್ತನದ ಕಾಯ್ದಿ 2021, ಜಾರಿ ಆಗಿದ್ದು 2022ರ ಜನವರಿ 25ಕ್ಕ, ಅದರಾಗ ಒಬ್ಬಾಕಿ ಹೆಣ್ಮಗಳು ಅಂದ್ರ ವಿಧವಿ ಇಲ್ಲಾ ಡೈವೋರ್ಸ್ ಆದಾಕಿ, 35ರಿಂದ 45 ವಯಸ್ಸಿನಾಕಿ ಅಷ್ಟೇ. ಮದುವಿನೇ ಆಗದಾಕಿ ಇಲ್ಲ. ಹಿಂದಿ ಸೀರಿಯಲ್ ಮಾಡೋ ಏಕ್ತಾ ಕಪೂರ್ 2019ರಾಗ ಹಂಗ ತಾಯಿ ಆದ್ರಲ್ಲ ಅಂತ ಕೇಳ್ತಾರ, ಆಗ ಈ ಕಾಯ್ದಿ ಇರ್ಲಿಲ್ಲ. ನನ್ನ ಕೇಳಿದ್ರ ಇದರಾಗ ನ್ಯಾಯ ಇಲ್ಲ, ಒಮ್ಮಿ ಮದುವಿ ಆಗಿ ಬಿಟ್ಟಾಕಿಗಿ ಹೂಂ, ಆಗದಾಕಿಗಿ ಉಹೂಂ ಅಂದ್ರ ತಾಳಿಯೇ ಪರ್ಮಿಟ್ ಆಯ್ತಲ್ಲ. ಆದ್ರ ಕಾಯ್ದಿ ಹಂಗದ.

ಐವಿಎಫ್ (ತತ್ತಿ ಹೊರಗ ತಗದು ಲ್ಯಾಬಿನಾಗ ಭ್ರೂಣ ಮಾಡಿ ಗರ್ಭಕೋಶದಾಗ ಇಡೋದು), ಐಯುಐ (ವೀರ್ಯ ನೇರ ಗರ್ಭಕೋಶಕ್ಕ ಬಿಡೋದು) ಬ್ಯಾರೆ, ಅದಕ್ಕ ಅದೇ ವರ್ಷದ ಇನ್ನೊಂದು ಕಾಯ್ದಿ ಅದ, ಅದರಾಗ 21ರ ಮ್ಯಾಲೆ 50ರ ಒಳಗಿನ ಯಾವ ಹೆಣ್ಮಗಳಾರ ಮಾಡಿಸ್ಕೋಬಹುದು, ಮದುವಿ ಕೇಳಲ್ಲ. ಆದ್ರ ವೀರ್ಯ ರಿಜಿಸ್ಟರ್ ಆದ ಬ್ಯಾಂಕಿನಿಂದಲೇ ಬರಬೇಕು, ಗೆಳೆಯ ಕೊಡ್ತಾನ ದೂರದ ಮಾವ ಕೊಡ್ತಾನ ಅನ್ನೋದು ನಡೆಯಲ್ಲ, ಕೊಟ್ಟೋನ ಹೆಸರು ನಿಂಗ ಹೇಳಲ್ಲ, ಅವನಿಗೆ ಆ ಕೂಸಿನ ಮ್ಯಾಲೆ ಹಕ್ಕೂ ಇಲ್ಲ.

ಅಪ್ಪನ ಹೆಸರಿನ ಕಾಲಂ ಬಗ್ಗೆ ಹೆದರಬ್ಯಾಡ. 2015ರಾಗ ಸುಪ್ರೀಂ ಕೋರ್ಟ್ ಹೇಳ್ಯದ, ಮದುವಿ ಆಗದ ತಾಯಿ ಅಪ್ಪನ ಹೆಸರು ಹೇಳದೇನೇ ಮಗೂನ ಗಾರ್ಡಿಯನ್ ಆಗಬಹುದು, ಬರ್ತ್ ಸರ್ಟಿಫಿಕೇಟ್‌ಗ ಆಕಿ ಒಂದು ಅಫಿಡವಿಟ್ ಕೊಟ್ರ ಸಾಕು ಅಂತ. ಪಾಸ್‌ಪೋರ್ಟ್‌ಗ 2016ರ ಡಿಸೆಂಬರ್‌ನಿಂದ ಒಬ್ಬರ ಹೆಸರು ಸಾಕು, ಪ್ಯಾನ್‌ಗ 2018ರ ಡಿಸೆಂಬರ್‌ನಿಂದ. ಕೌಂಟರ್‌ನಾಗ ಕುಂತವಗ ಇದು ಗೊತ್ತಿರಲ್ಲ, ಅದು ಬ್ಯಾರೆ ಮಾತು. ತೀರ್ಪಿನ ಪ್ರಿಂಟ್ ಒಂದು ಬ್ಯಾಗಿನಾಗ ಇಟ್ಕೊ.

ತೊಗರಿಬ್ಯಾಳಿ

ಕಾಕಾ, ಮನಿ ಒಳಗಿನ ಕೂಸು ತಗೊಳ್ಳೋದು? ಅಕ್ಕ ತಂಗೀರ ಕೂಸು?

ಕೋರ್ಟ್_ಕಾಕಾ

ಹಿಂದೂಗಳಿಗೆ 1956ರ ದತ್ತು ಕಾಯ್ದಿ ಅದ, ಮದುವಿ ಆಗದಾಕಿ ಬಿ ತಗೋಬಹುದು. ಕೂಸು 15ರ ಒಳಗಿರ್ಬೇಕು, ಹೆತ್ತ ತಾಯಿ ತಂದಿ ಇಬ್ಬರೂ ಒಪ್ಪಿ ಕೈಯಾರೆ ಕೊಡಬೇಕು, ಗಂಡು ಕೂಸಾದ್ರ ನಿಂಗೂ ಅದಕ್ಕೂ 21 ವರ್ಷ ಅಂತರ. ಸಬ್ ರಿಜಿಸ್ಟ್ರಾರ್ ಆಫೀಸಿನಾಗ ಪತ್ರ ರಿಜಿಸ್ಟರ್ ಮಾಡ್ಸು. ಒಮ್ಮಿ ಆದ್ರ ರದ್ದು ಮಾಡಲಕ್ಕ ಬರಲ್ಲ, ಕೊಟ್ಟೋರಿಗೂ ತಗೊಂಡೋರಿಗೂ.

ತೊಗರಿಬ್ಯಾಳಿ

ಗೊತ್ತದ, ಅದಕ್ಕೇ ಕೇಳಿದೆ, ಎಲ್ಲರೂ ಓದ್ಲಿ ಅಂತ. ನಾ ಹಂಗೇ ತಗೊಂಡಾಕಿ. ತಮ್ಮನ ಎರಡನೇ ಮಗಳು. ಪತ್ರ ಆಯ್ತು, ಅರಿಶಿಣ ಕುಂಕುಮ ಆಯ್ತು, ಶರಣಬಸವೇಶ್ವರ ಗುಡಿಗಿ ಹೋಗಿ ಬಂದ್ವಿ. ಕಾಗದದಾಗ ಕೂಸು ನಂದು. ಆದ್ರ ಪ್ರತಿ ಹಬ್ಬಕ್ಕ ಆಕಿ ಹೆತ್ತಾಕಿ ಬಂದು ಕೂದಲು ಯಾಕ ಇಷ್ಟ್ ಗಿಡ್ಡ ಮಾಡ್ಸೀರಿ, ನಮ್ಮ ಹುಡುಗಿ ಕರ್ರಗ ಆಗ್ಯಾಳ ಅಂತಾಳ. ನಮ್ಮ ಹುಡುಗಿ ಅನ್ನೋ ಎರಡು ಮಾತಿಗಿ ನನ್ನ ಹಬ್ಬ ಮುಗೀತದ. ಹುಡುಗಿ ಬಿ ನಾ ಬೈದ್ರ ಅಲ್ಲಿಗಿ ಹೋಗ್ತೀನಿ ಅಂತಾಳ, ಬರೀ ಎಂಟು ವರ್ಷ ಆಕಿಗಿ. ಪ್ರೀತಿ ಇಲ್ಲ ಅಂತಲ್ಲ. ಆದ್ರ ಮನಿ ಒಳಗಿನ ಕೂಸು ಸಸ್ತಾ ದಾರಿ ಅಂತ ಯಾರೂ ಅಂದ್ಕೋಬ್ಯಾಡ್ರಿ. ರೊಕ್ಕ ಉಳೀತದ ಅಷ್ಟೇ.

ರೋಜಾ_ಕಡಿಯಾಕಿ

ನಾ ದರ್ಗಾ ಕಡಿಯಾಕಿ. ನಮ್ಮಲ್ಲಿ ಕೂಸು ಸಾಕೋದು ಸವಾಬ್ (ಪುಣ್ಯ), ಆದ್ರ ಗೋದ್ ತಗೊಂಡು ನಮ್ಮದೇ ಮಗು ಅಂತ ಹೆಸರು ಬದಲಿ ಮಾಡಂಗಿಲ್ಲ ಅಂತ ಅಮ್ಮಿ ಪಟ್ಟು ಹಿಡದಿದ್ರು. 2014ರಾಗ ಸುಪ್ರೀಂ ಕೋರ್ಟ್ ಶಬ್ನಮ್ ಹಾಶ್ಮಿ ಕೇಸಿನಾಗ ಹೇಳ್ಯದ, ಬಾಲನ್ಯಾಯ ಕಾಯ್ದಿ ಕೆಳಗ ಯಾವ ಧರ್ಮದೋರಾರ ದತ್ತು ತಗೋಬಹುದು, ಬ್ಯಾಡಾದೋರು ತಮ್ಮ ಧರ್ಮದ ಪ್ರಕಾರ ಇರಬಹುದು ಅಂತ. ಅಂದ್ರ ಆರಿಸೋದು ನಮ್ಮ ಕೈಯಾಗ.

ನಾ ತಲಾಖ್ ಆದಾಕಿ, 39. ಬಾಡಿಗಿ ತಾಯಿ ಕಾಯ್ದ್ಯಾಗ ನಂಗ ಹೂಂ ಅದ, ಆದ್ರ ನನ್ನದೇ ತತ್ತಿ ಬೇಕು, ಪರ ಗಂಡಸಿನ ಬೀಜ ಬೇಕು, ಅದಕ್ಕ ನನ್ನ ಮನಸ್ಸು ಒಪ್ಪಲ್ಲ. ದತ್ತುಗೆ ರಿಜಿಸ್ಟರ್ ಮಾಡೀನಿ. ಹೆಣ್ಣು ಕೂಸು ಅಂತ ಬರದೀನಿ, ಗಂಡು ಕೂಸು ದೊಡ್ಡವನಾದ್ರ ಮೆಹ್ರಂ (ಪರದಾ ಬೇಕಿಲ್ಲದ ಹತ್ರದ ಸಂಬಂಧಿ) ಅಲ್ಲ, ಪರದಾ ಮಾಡು ಅಂತ ನಾಳಿ ಮನ್ಯಾಗ ಗಲಾಟಿ ಬ್ಯಾಡ ಅಂತ. ಆಸ್ತಿ ವಿಚಾರ ಹಿಬಾ ಮಾಡಿ ಜೀವಂತ ಇರುವಾಗಲೇ ಬರದು ಕೊಡ್ತೀನಿ, ಸತ್ತ ಮ್ಯಾಲೆ ಸಿಗೋ ವಸಿಯತ್‌ನಾಗ ಮೂರನೇ ಒಂದು ಪಾಲಿನ ಮ್ಯಾಲೆ ಹೋಗಲ್ಲ. ಅಮ್ಮಿ ಈಗ ಏನಂತಾರ ಗೊತ್ತೇನು, ಹೆಸರು ನಾ ಇಡ್ತೀನಿ ಅಂತ. ಹೆಸರು ಹುಡುಕಿ ಒಂದು ಡೈರಿ ತುಂಬ್ಸ್ಯಾರ.

ಸಂಜಿಮಲ್ಲಿಗಿ

ನೀವೆಲ್ಲ ಬರದಿದ್ದು ಮೂರು ಮೂರು ಸಲ ಓದೀನಿ. ಟ್ರೀಟ್ಮೆಂಟ್ ಮಾಡ್ಸಿದೋರು ಯಾರೂ ಇಲ್ಲೇನ್ರಿ ಈ ಕಡಿ? 2025ರಾಗ ನಟಿ ಭಾವನಾ ರಾಮಣ್ಣ ಮದುವಿ ಇಲ್ದೇ ಐವಿಎಫ್‌ನಿಂದ ಬಸುರಿ ಆಗೀನಿ ಅಂತ ಎಲ್ಲರ ಮುಂದ ಹೇಳಿದಾಗ ನಮ್ಮ ಬ್ರಾಂಚಿನಾಗ ಊಟದ ಟೈಮ್‌ನಾಗ ಎರಡು ಪಾರ್ಟಿ ಆಗಿದ್ವು. ಅವ್ರಿಗಿ ಏನ್ರಿ ಸಿನಿಮಾದೋರು ಅಂತ ಒಂದು ಪಾರ್ಟಿ. ನಾ ಡಬ್ಬಿ ಮುಚ್ಚಿಕೊಂಡು ಎದ್ದು ಬಂದೆ, ಯಾಕಂದ್ರ ಬಾಯಿ ತಗದ್ರ ಅಳು ಬರ್ತಿತ್ತು.

ಓ_ಪಾಸಿಟಿವ್ (ಯಾದಗಿರಿ)

ಇದ್ದೀನ್ರಿ. ಸುಮ್ಮ ಓದ್ಲತ್ತಿದ್ದೆ. ಹೆಸರು ಊರು ಗುರುತು ಹಿಡಿಯೋ ಪ್ರಯತ್ನ ಮಾಡಬ್ಯಾಡ್ರಿ ಅಂತ ಮೊದ್ಲೇ ಕೈ ಮುಗೀತೀನಿ.

ಸರ್ಕಾರಿ ನೌಕರಿ. 36ಕ್ಕ ಚಾಲೂ ಮಾಡಿದೆ, 38ಕ್ಕ ಮಗ ಹುಟ್ಯಾನ. ನಾ ದತ್ತು ಯಾಕ ತಗೋಲಿಲ್ಲ ಅಂದ್ರ ನಂಗ ಬಸುರಿ ಆಗಬೇಕಿತ್ತು, ಅಷ್ಟೇ. ಅನಾಥ ಕೂಸು ಇರುವಾಗ ನಿಂದೇ ಯಾಕ ಬೇಕು ಅಂತ ಭಾಳ ಮಂದಿ ಕೇಳಿದ್ರು, ಗಂಡ ಇದ್ದೋರಿಗೆ ಯಾರೂ ಇದನ್ನ ಕೇಳಲ್ಲ ನೋಡ್ರಿ.

ಹೈದರಾಬಾದಿಗಿ ಹೋದೆ, ಗುರುಮಠಕಲ್ ಮ್ಯಾಲಿಂದ ಬಸ್. ಹೋದ ಮೊದಲನೇ ಕಡಿ ರಿಸೆಪ್ಷನ್‌ನಾಗ ಹಸ್ಬೆಂಡ್ ಆಧಾರ್ ಕೊಡ್ರಿ ಅಂದ್ರು, ಇಲ್ಲ ಅಂದೆ, ಒಳಗ ಹೋಗಿ ಬಂದು ಡಾಕ್ಟರ್ ಸಿಂಗಲ್ ಮಾಡಲ್ಲ ಅಂದ್ರು. ಕಾಯ್ದಿ ಮಾಡಬಹುದು ಅಂತದ, ಮಾಡಲೇಬೇಕು ಅಂತ ಅವ್ರ ಕೈ ಹಿಡಿಯೋದು ಯಾರು. ಎರಡನೇ ಕಡಿ ಛಲೋ ಡಾಕ್ಟರಮ್ಮ ಸಿಕ್ಕರು. ಗರ್ಭನಾಳ ತೆರದಾವೇನು ಅಂತ ಒಂದು ಎಕ್ಸ್‌ರೇ, ಥೈರಾಯ್ಡ್, ಶುಗರ್, ಕೌನ್ಸೆಲಿಂಗ್, ಸಹಿ ಮ್ಯಾಲೆ ಸಹಿ. ಮೊದ್ಲ ಎರಡು ಐಯುಐ ಮಾಡಿದ್ರು, ಅಂದ್ರ ಬ್ಯಾಂಕಿನಿಂದ ತರಿಸಿದ ವೀರ್ಯ ತೊಳದು ಸಣ್ಣ ನಳಿಗಿಯಿಂದ ಗರ್ಭಕೋಶಕ್ಕ ಬಿಡೋದು, ಐದು ನಿಮಿಷದ ಕೆಲಸ, ಮುಟ್ಟಿನ ನೋವಿಗಿಂತ ಕಡಿಮಿ. ಎರಡೂ ಆಗ್ಲಿಲ್ಲ.

ಆಮ್ಯಾಲೆ ಐವಿಎಫ್. 11 ದಿನ ಹೊಟ್ಟಿಗಿ ಇಂಜೆಕ್ಷನ್. ಅದು ಮೇ ತಿಂಗಳ, ಯಾದಗಿರಿ ಬಿಸಿಲು ನಿಮಗೇನು ಹೇಳೋದು, ಇಂಜೆಕ್ಷನ್ ಫ್ರಿಜ್‌ನಾಗೇ ಇಡಬೇಕು, ಬಸ್ಸಿನಾಗ ತರೋವಾಗ ಸ್ಟೀಲ್ ಫ್ಲಾಸ್ಕಿನಾಗ ಐಸ್‌ಕ್ಯಾಂಡಿ ಅಂಗಡಿ ಬರ್ಫ್ ತುಂಬಿ ತಂದೀನಿ, ಕರೆಂಟ್ ಹೋದ್ರ ನನ್ನ ಜೀವ ಹೋಗ್ತಿತ್ತು. ಆಫೀಸಿನಾಗ ಥೈರಾಯ್ಡ್ ಅಂತ ಸುಳ್ಳು ಹೇಳೀನಿ. ಅರವಳಿಕಿ ಕೊಟ್ಟು ತತ್ತಿ ತಗದ್ರು, 9 ಸಿಕ್ಕವು, 4 ಭ್ರೂಣ ಆದ್ವು. ಮೊದ್ಲನೇದು ಹಾಕಿದ್ರು, ನಿಲ್ಲಲಿಲ್ಲ. ಆ 14 ದಿನ ಕಾದು ರಕ್ತದ ಟೆಸ್ಟ್ ಮಾಡ್ಸಿ ನೆಗೆಟಿವ್ ಅಂತ ಬಂದಾಗ ನಾ ಬಸ್ ಸ್ಟ್ಯಾಂಡಿನಾಗ ಇದ್ದೆ, ಬಾಜೂ ಕುಂತ ಮುದುಕಿ ಯಾರು ಸತ್ತಾರವ್ವ ಅಂತ ಕೇಳಿದ್ಳು. ಫ್ರೀಜ್ ಮಾಡಿಟ್ಟಿದ್ದು ಎರಡನೇದು ನಿಂತ್ತು. ನಂಗ ಒಟ್ಟು ಮೂರು ಲಕ್ಷದ ಮ್ಯಾಲೆ ಆಗ್ಯದ, ಬಸ್ಸು ಲಾಡ್ಜು ಬ್ಯಾರೆ. ಒಂದೇ ಸಲಕ್ಕ ಆಗ್ತದ ಅಂತ ಸಾಲ ಮಾಡಿ ಕೂಡಬ್ಯಾಡ್ರಿ.

ದಾನಿ ಬಗ್ಗೆ ಹೇಳಿದ್ದು ಬ್ಲಡ್ ಗ್ರೂಪ್, ಎತ್ತರ, ಬಣ್ಣ, ಓದು, ಅಷ್ಟೇ. ನಮ್ಮವ್ವ ಎಲ್ಲಾ ಕೇಳಿ ಕಡೀಗಿ ಒಂದೇ ಮಾತು ಕೇಳಿದ್ಳು, ಅಂವ ಯಾರ ಪೈಕಿ ಅಂತ. ಓ ಪಾಸಿಟಿವ್ ಪೈಕಿ ಅಂದೆ. ಎರಡು ದಿನ ಮಾತಾಡ್ಲಿಲ್ಲ ಆಕಿ. ಮೂರನೇ ದಿನ ಜ್ವಾಳದ ಹಿಟ್ಟು ಬೀಸಿಸ್ಕೊಂಡು ಬಂದು ಬಸುರಿ ಆದ್ರ ಗಿರಣಿ ತನಕ ನೀ ಹೋಗಬ್ಯಾಡ ಅಂದ್ಳು.

ಹೊಟ್ಟಿ ಕಾಣೋ ಹೊತ್ತಿಗಿ ಓಣ್ಯಾಗ ಶುರು ಆಯ್ತು. ನಾ ಒಂದು ಪಾಠ ಕಲ್ತೀನಿ: ಕೇಳಿದೋರಿಗೆಲ್ಲ ಉದ್ದ ಕಥಿ ಹೇಳಬಾರ್ದು. ದವಾಖಾನ್ಯಾಗ ಟ್ರೀಟ್ಮೆಂಟ್ ಮಾಡ್ಸೀನಿ, ಕಾಯ್ದಿ ಪ್ರಕಾರ ಅದ, ನಿಮ್ಮ ಮಗಳ ಮದುವಿ ಎಲ್ಲಿಗಿ ಬಂತು? ಇಷ್ಟೇ. ಮೂರನೇ ಮಾತಿಗಿ ಎಲ್ಲರೂ ಎದ್ದು ಹೋಗ್ತಾರ.

ಕಪ್ಪುಮಣ್ಣು

ನಿಮ್ಮದೆಲ್ಲ ಓದೀನಿ. ನಾ ಮೊದ್ಲ ಬರದಿದ್ದು ಕೆಟ್ಟ ಮನಸ್ಸಿಂದ ಅಲ್ಲ. ಆದ್ರ ಒಂದು ಮಾತು ಈಗೂ ಕೇಳ್ತೀನಿ, ಹುಡುಗ ದೊಡ್ಡವನಾಗಿ ನಮ್ಮಪ್ಪ ಯಾರು ಅಂದ್ರ?

ಸುರಪುರದಂವ

ಇದಕ್ಕ ನಾ ಹೇಳ್ತೀನಿ, ಯಾಕಂದ್ರ ನಾ ಆ ಹುಡುಗ.

ನಮ್ಮವ್ವನ್ನ ದೇವರಿಗಿ ಬಿಟ್ಟಿದ್ರು. ದೇವದಾಸಿ ಬಿಡೋದು 1982ರ ಕಾಯ್ದ್ಯಾಗೇ ನಿಷೇಧ ಆಗಿತ್ತು, ನಾ ಹುಟ್ಟಿದ್ದು ಅದಾದ ಮ್ಯಾಲೆ, ತಿಳ್ಕೋರಿ. ಸಾಲ್ಯಾಗ ಹೆಸರು ಹಚ್ಚುವಾಗ ಮಾಸ್ತರು ಅಪ್ಪನ ಹೆಸರು ಕೇಳಿದ್ರು, ಅವ್ವ ಸುಮ್ಮ ನಿಂತ್ಳು, ಅವ್ರೇ ನಮ್ಮ ಮಾವನ ಹೆಸರು ಬರದ್ರು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ತನಕ ಮಾವನೇ ನಮ್ಮಪ್ಪ. ಅದು ಎಷ್ಟು ಕಡಿ ತೊಂದ್ರಿ ಕೊಟ್ಟದ ಅಂದ್ರ ಹೇಳಲಕ್ಕ ಒಂದು ದಿನ ಬೇಕು, ಜಾತಿ ಸರ್ಟಿಫಿಕೇಟ್‌ನಿಂದ ಹಿಡದು ಮಾವನ ಮಕ್ಕಳ ಆಸ್ತಿ ಜಗಳದ ತನಕ. ಹಂಗಾಗಿ ಸುಳ್ಳು ಹೆಸರು ಮಾತ್ರ ಬರಸಬ್ಯಾಡ್ರಿ, ಕಾಲಂ ಖಾಲಿ ಬಿಟ್ರ ಒಂದು ಸಲ ಮಾತು ಬರ್ತದ, ಸುಳ್ಳು ಬರಸಿದ್ರ ಜೀವನಪೂರ್ತಿ.

ನಿಮ್ಮದೂ ನಮ್ಮವ್ವಂದೂ ಒಂದೇ ಅಂತ ನಾ ಹೇಳ್ಲತ್ತಿಲ್ಲ. ಆಕಿಗಿ ಯಾವ ದಾರಿ ಬೇಕು ಅಂತ ಯಾರೂ ಕೇಳಿರ್ಲಿಲ್ಲ. ನೀವು ಕೂತು ಆರಿಸ್ಲತ್ತೀರಿ, ನೋಡಿ ಖುಷಿ ಆಯ್ತು, ಸ್ವಲ್ಪ ಸಂಕಟ ಬಿ ಆಯ್ತು. ಮಂದಿ ಮಾತು ನಂಗ ಅಷ್ಟ್ ನೋವು ಮಾಡಿಲ್ಲ ಅಣ್ಣಾ. ನೋವಾಗಿದ್ದು ಅವ್ವ ಹೇಳದೇ ಇದ್ದಿದ್ದು. ಜಾತ್ರ್ಯಾಗ ಜಗಳ ಆದಾಗ ಬ್ಯಾರೆ ಹುಡುಗನ ಬಾಯಿಂದ ಕೇಳೀನಿ, 11 ವರ್ಷ ನಂಗ. ಓ ಪಾಸಿಟಿವ್ ಅಕ್ಕ, ಮಗಗ ಈಗಿಂದನೇ ಹೇಳ್ರಿ, ತಿಳೀಲಿ ಬಿಡ್ಲಿ.

ಓ_ಪಾಸಿಟಿವ್

ಹೇಳ್ತೀನಿ ಅಣ್ಣಾ. ಮಲಗಿಸುವಾಗ ಕಥಿ ಹಂಗ ಹೇಳ್ತೀನಿ, ಡಾಕ್ಟರಮ್ಮ ಒಂದು ಕಾಳು ಕೊಟ್ರು, ಬರ್ಫಿನ ಡಬ್ಬ್ಯಾಗ ಇಟ್ಟಿದ್ವಿ ಅಂತ. ಅಂವಗ ಬರ್ಫ್ ಅಷ್ಟೇ ತಿಳೀತದ, ಐಸ್‌ಕ್ಯಾಂಡಿ ಬೇಕು ಅಂತ ಅಳ್ತಾನ.

ಸ್ಟೇಷನ್_ಅಕ್ಕ

ನಾ ಒಂದು ಬ್ಯಾರೆ ಮಾತು ಹೇಳ್ಲಾ. ನಂಗ 46. ನಾನೂ ಹಿಂಗೇ ಎರಡು ವರ್ಷ ಎಲ್ಲಾ ಓದಿ, ಫಾರ್ಮ್ ತುಂಬಿ, ಕಡೀಗಿ ಬಿಟ್ಟೆ. ಅಪ್ಪಗ ಪಾರ್ಶ್ವವಾಯು ಆಗಿತ್ತು, ಇಬ್ಬರನ್ನ ಎತ್ತಿ ಇಳಿಸೋ ಶಕ್ತಿ ನನ್ನಾಗ ಇಲ್ಲ ಅಂತ ಗೊತ್ತಾಯ್ತು. ಒಂದೊಂದ್ಸಲ ಸಾಲಿ ಬಿಡೋ ಹೊತ್ತಿಗಿ ಗೇಟ್ ಮುಂದ ಹೋಗಬಾರ್ದು ಅನಿಸ್ತದ, ಅಷ್ಟೇ. ಉಳದದ್ದೆಲ್ಲ ಆರಾಮ ಇದ್ದೀನಿ. ಬಿಟ್ಟೋರು ಬಿ ಇದ್ದೀವಿ ಅಂತ ತಿಳೀಲಿ ಅಂತ ಬರದೆ.

ಸಂಜಿಮಲ್ಲಿಗಿ

ಐದು ವಾರ ಆಯ್ತು, ಎಲ್ಲರೂ ಇನ್‌ಬಾಕ್ಸ್‌ನಾಗ ಏನಾಯ್ತು ಅಂತ ಕೇಳ್ಲತ್ತೀರಿ.

ಎಎಂಎಚ್ 1.1 ಬಂದದ. ಕಡಿಮಿ ಅಂತ, ಪೂರಾ ಹೋಗಿಲ್ಲ ಅಂತ ಡಾಕ್ಟರ್ ಅಂದ್ರು. ಒಂದು ವರ್ಷದ ಒಳಗ ಏನಾರ ಮಾಡೋದಿದ್ರ ಮಾಡು ಅಂದ್ರು. ಅವ್ವನ್ನ ಕರಕೊಂಡೇ ಹೋಗಿದ್ದೆ. ಆಕಿ ಆಟೋದಾಗ ಒಂದು ಮಾತಾಡ್ಲಿಲ್ಲ, ಜಗತ್ ಸರ್ಕಲ್ ಬಂದ ಮ್ಯಾಲೆ, ನಂಗ ಮೊಣಕಾಲು ನೋವು, ಎಳಿ ಕೂಸು ಎತ್ತಿಕೊಂಡು ಓಡಾಡಲಕ್ಕ ಆಗಲ್ಲ, ಕುಂತಲ್ಲಿ ಕಾಲಮ್ಯಾಲೆ ಹಾಕ್ಕೊಂಡು ನೀರು ಹಾಕ್ತೀನಿ, ರಾತ್ರಿ ನೀನೇ ಏಳಬೇಕು ಅಂದ್ಳು. ನಾ ಇನ್ನಾ ಯಾವ ದಾರಿ ಅಂತನೇ ಹೇಳಿರ್ಲಿಲ್ಲ ನೋಡ್ರಿ. ಆಕಿ ನೀರು ಹಾಕೋ ತನಕ ಹೋಗಿಬಿಟ್ಟಿದ್ಳು.

ನಾನು ಬಿದ್ರಿಹೂಜಿ ಅವ್ರು ಹೇಳಿದ ಆ ಡೆಂಗಿ ಪ್ರಶ್ನಿ ಮ್ಯಾಲೆ ಒಂದು ವಾರ ಕುಂತೆ. ದತ್ತಾ ಟ್ರೀಟ್ಮೆಂಟಾ ಅಂತ ಇಷ್ಟು ದಿನ ತಲಿ ಕೆಡಿಸ್ಕೊಂಡಿದ್ದೆ, ಎರಡಕ್ಕೂ ಬೇಕಾಗಿದ್ದು ಅದೇ ಉತ್ತರ. ತಂಗಿಗಿ ಫೋನ್ ಮಾಡಿದೆ, ಆಕಿಗಿ ಈಗ ಎಂಟನೇ ತಿಂಗಳ. ಕುಬಸದ ದಿನ ನಿನ್ನ ಒಳಗ ಕಳಿಸಿದ್ದು ನಾ ನೋಡೀನಿ ಅಕ್ಕ, ಆಗ ಬಾಯಿ ಬರ್ಲಿಲ್ಲ ಅಂತ ಅತ್ತಳು. ಎಂಟು ದಿನ ಏನು, ಎಂಟು ತಿಂಗಳ ಬೇಕಾದ್ರ ನಾ ನೋಡ್ಕೋತೀನಿ ಅಂದಾಳ. ಬರದು ಕೊಡು ಅಂದೀನಿ.

ಹೋದ ಶುಕ್ರವಾರ ದತ್ತುಗೆ ರಿಜಿಸ್ಟರ್ ಮಾಡೀನಿ, 2 ವರ್ಷದ ಒಳಗಿಂದು, ಗಂಡು ಹೆಣ್ಣು ಯಾವ್ದಾರ. ಕಾಯೋದು ಹೆಂಗೂ ಇದ್ದೇ ಅದ. ಐಯುಐ ಒಂದು ಸಲ ನೋಡ್ಲಾ ಬ್ಯಾಡಾ ಅಂತ ಇನ್ನಾ ಮನಸ್ಸು ಆಗಿಲ್ಲ, ಬ್ಯಾಂಕಿನ ಆಡಿಟ್ ಮುಗೀಲಿ. ಬಿದ್ರಿಹೂಜಿ ಅವರೇ, ಹೋಮ್ ಸ್ಟಡಿಗಿ ಬರೋದ್ರೊಳಗ ಮನಿಗಿ ಸುಣ್ಣಬಣ್ಣ ಮಾಡ್ಸಬೇಕಾ? ಹಿತ್ತಲ ಗ್ವಾಡಿ ಹಸಿ ಹಿಡದದ.

ಬಿದ್ರಿಹೂಜಿ

ಗ್ವಾಡಿ ಬಿಡ್ರಿ. ಬಾವಿ ಇದ್ರ ಮುಚ್ಚಳ ಹಾಕ್ಸ್ರಿ, ಮಾಳಿಗಿ ಮೆಟ್ಟಲಿಗಿ ಕಟಾಂಜನ ಮಾಡ್ಸ್ರಿ, ಅದನ್ನ ನೋಡ್ತಾರ. ಮತ್ತ ಅವ್ವಗ ಹೇಳ್ರಿ, ಸೋಶಿಯಲ್ ವರ್ಕರ್ ಬಂದ ತಕ್ಷಣ ಮೊಣಕಾಲ ಕಥಿ ಚಾಲೂ ಮಾಡಬ್ಯಾಡ ಅಂತ.

ಸಂಜಿಮಲ್ಲಿಗಿ

ಬಾವಿ ಇಲ್ಲ, ನೀರಿನ ಹೌದಿ ಅದ. ಇವತ್ತೇ ಮುಚ್ಚಳದ ಅಳತಿ ತಗೋತೀನಿ.